ಅನ್ನಮಾರ್ಗದ ಗೋಡೆ

ನಾವು ಉಂಡ ಜೋಳದ ರೊಟ್ಟಿಯು ಗಂಟಲನ್ನು ದಾಟಿದೊಡನೆ ದೇಹವನ್ನು ಸೇರಿತೆಂದು ಭಾವಿಸುವುದು ರೂಢಿ. ವಾಸ್ತವವಾಗಿ ಅದು ಇನ್ನೂ ಹೊರಗೇ ಇರುತ್ತದೆ. ಬಾಯಿಯಿಂದ ಗುದದ್ವಾರದವರೆಗಿನ ಅನ್ನಮಾರ್ಗವು ಎರಡು ತುದಿಗಳೂ ತೆರೆದಿರುವ ಒಂದು ನೀಳವಾದ ಕೊಳವೆ. ಅದರ ಗೋಡೆಯನ್ನು ಹಾಯ್ದು ಒಳಬಂದ ಅಂಶವು ಮಾತ್ರ ನಮ್ಮದಾಗುತ್ತದೆ. ಈ ಗೋಡೆಯ ಸ್ವರೂಪವನ್ನು ವಿದ್ಯಾರ್ಥಿಗಳಷ್ಟೇ ಅಲ್ಲ, ಎಳೆಯ ಮಕ್ಕಳಿರುವ ಮನೆಯವರೂ ಅರಿತಿರಬೇಕು. ಅದರ ಕಾರಣವು ಮುಂದೆ ತಿಳಿಯುವುದು.

ಕರುಳಿನ ಗೋಡೆಯಲ್ಲಿ ನಾಲ್ಕು ಪದರಗಳಿವೆ. ಹೊರಗಿನದು ತೇವವುಳ್ಳ ನುಣುಪಾದ ಪೊರೆ. ಕರುಳಿನ ಸುರುಳಿಗಳು ಒಂದರ ಮೇಲೊಂದು ಸುಲಭವಾಗಿ ಜಾರುವುದು ಇದರಿಂದಲೇ. ಅದರ ಒಳಗಡೆ ಸ್ನಾಯುಗಳ ಪದರ. ಹತ್ತಿಯ ಪೇಟೆಯಾದ ನಮ್ಮ ಆದವಾನಿಯು ಹಿಂದೆ ಜಮಖಾನಗಳಿಗೂ ಹೆಸರಾಗಿತ್ತು. ಜಮಖಾನದ ಹಾಸುಹೊಕ್ಕುಗಳಂತೆ ಇಲ್ಲಿಯೂ ಉದ್ದನೆಯ ಎಳೆಗಳೂ ಅಡ್ಡಲಾಗಿ ಸುತ್ತಿದ ಎಳೆಗಳೂ ಉಂಟು; ಆದರೆ ಇವು ಹೆಣೆದುಕೊಂಡಿರದೆ ಎರಡು ಪ್ರತ್ಯೇಕ ಹಾಸುಗಳಾಗಿವೆ. ನಡುವಣ ನರಜಾಲದ ಪ್ರೇರಣೆಯಿಂದ ಆಹಾರದ ಹಿಂಬದಿಯ ಸ್ನಾಯು ಬಿಗಿದು ಮುಂಬದಿಯದು ಸಡಿಲಗೊಳ್ಳುತ್ತದೆ. ಆಹಾರವು ಮುಂದೆ ಸಾಗುತ್ತದೆ. ಮೂರನೆಯ ಪದರವು ರಕ್ತನಾಳಗಳಿಗೆ ಆಶ್ರಯ.

ನಾಲ್ಕನೆಯದಾದ ಒಳಪೊರೆಯೇ ಎಲ್ಲಕ್ಕೂ ಮುಖ್ಯವಾದದ್ದು. ನಯವಾದ ಬಟ್ಟೆಗಿಂತ ಎಳೆಯೆದ್ದ ಟವೆಲು ಹೆಚ್ಚು ನೀರನ್ನು ಹೀರುವುದಷ್ಟೆ? ಸಣ್ಣ ಕರುಳಿನ ಒಳಮೈಯೂ ಹಾಗೆಯೇ. ಒಂದು ಮಿಲಿಮೀಟರಿನಷ್ಟೂ ಎತ್ತರವಿಲ್ಲದ ಲಕ್ಷಾಂತರ ಅಂಕುರಗಳು ಅಲ್ಲಿ ಒತ್ತಾಗಿ ನಿಂತಿವೆ. ಈ ಒಳಮೈಯನ್ನು ಹರಡಿದರೆ ಟೆನಿಸ್ ಅಂಗಣದಷ್ಟಾಗುವುದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದು ನೋಡಲಾಗಿ, ಇಡೀ ಅನ್ನಮಾರ್ಗದ ಒಳಮೈಯೇ ಸುಮಾರು 30 ಚದರ ಮೀಟರೆಂದು ತಿಳಿದುಬಂದಿತು. ಅದೂ ಅಲ್ಪವೇನಲ್ಲ! ಇಲ್ಲಿಯ ಜೀವಕೋಶಗಳು ಮೂರರಿಂದ ಐದು ದಿನಗಳೊಳಗೆ ಉದುರಿ, ಹೊಸವು ಅವುಗಳ ಸ್ಥಾನಕ್ಕೆ ಬರುತ್ತವೆ.

ದಿನವೊಂದಕ್ಕೆ ಸುಮಾರು 9 ಲೀಟರು ದ್ರವವು ಕರುಳನ್ನು ಸೇರುತ್ತದೆ. ನಾವು ಸೇವಿಸಿದ್ದು ಅದರಲ್ಲಿ 2 ಲೀಟರು ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತ ಮೊದಲಾದ ದೇಹದ್ದೇ ರಸಗಳು. ಗೋಡೆಯು ಇದೆಲ್ಲವನ್ನೂ ಬಹುಮಟ್ಟಿಗೆ ಹಿಂದಕ್ಕೆ ಹೀರಿಕೊಳ್ಳುತ್ತದೆ. ಕಾಲರಾ ಕ್ರಿಮಿಯ ವಿಷವು ಗೋಡೆಯನ್ನು ಕೆಡವುವುದಿಲ್ಲ. ಅದರ ಕೋಶಗಳು ದೇಹದ ಉಪ್ಪುನೀರನ್ನು ಕರುಳಿನೊಳಕ್ಕೆ ಎಡೆಬಿಡದೆ ಸುರಿಸುವಂತೆ ಮಾಡುತ್ತದೆ. ಬರಿಯ ನೀರನ್ನು ಕುಡಿಸಿದರೆ ಹೋದ ಉಪ್ಪು ಮರಳಿ ಬಾರದು. ಆದರೆ ಉಪ್ಪು ಮತ್ತು ಸಕ್ಕರೆಗಳು ಜೊತೆಗೂಡಿ ಒಳಹೋಗುವ ಬಾಗಿಲೊಂದು ಆಗಲೂ ತೆರೆದೇ ಇರುತ್ತದೆ. ಅವುಗಳ ಹಿಂದೆ ನೀರೂ ಒಳಬರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವವು ಸಾಲದಾದಾಗ, ಡಾ. ದಿಲೀಪ್ ಮಹಲನಬೀಸರು ಈ ಬಾಗಿಲನ್ನೇ ನಂಬಿ ಉಪ್ಪು ಸಕ್ಕರೆಗಳ ನೀರನ್ನು ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ನಮ್ಮ ಆದವಾನಿ, ಆಲೂರು, ಕೌತಾಳಂ ಕಡೆಗಳಲ್ಲಿ ಬೇಸಿಗೆಯ ನೀರಿನ ಕಷ್ಟ ಎಲ್ಲರಿಗೂ ತಿಳಿದದ್ದೇ. ನೀರು ಕೆಟ್ಟಲ್ಲಿ ಭೇದಿಯು ತಪ್ಪದು. ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಇನ್ನಷ್ಟು ಹೋಗುವುದೆಂದು ಹಿರಿಯರು ತಡೆಯುವುದುಂಟು. ಇದು ಅಪಾಯಕರ. ಆರೋಗ್ಯ ಕೇಂದ್ರದ ಓ.ಆರ್.ಎಸ್. ಪುಡಿಯು ಉತ್ತಮ. ಅದು ದೊರೆಯದಿದ್ದರೆ, ಕಾಯಿಸಿ ಆರಿಸಿದ 1 ಲೀಟರು ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಬೆರೆಸಿ, ಗುಟುಕುಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾಗಕೂಡದು. ಮೊಲೆಹಾಲನ್ನಾಗಲಿ ಗಂಜಿಯನ್ನಾಗಲಿ ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲಾರದಾದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ದಾರಿಯಲ್ಲಿಯೂ, ಮಗು ನುಂಗಬಲ್ಲಷ್ಟು ಕಾಲ, ಈ ನೀರನ್ನು ಕುಡಿಸುತ್ತಿರಬೇಕು.