ಸೋತ ಸೇನಾಪತಿಗೆ ಹೆಣ್ಣುಡುಪು

ಚೀನೀ ಅಧ್ಯಯನ ಓದುವ ಪದವಿ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹಿಡಿದು ಬಂದಾಗ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುವುದು ‘ಭಾರತ–ಚೀನಾ ಸಂಬಂಧ’. ಅದು ವಿಷಯವಲ್ಲ, ಗ್ರಂಥಾಲಯದ ಒಂದು ಕಪಾಟು. ಒಂದು ಸೆಮಿಸ್ಟರಿನಲ್ಲಿ ಕಪಾಟು ಓದಿ ಮುಗಿಯುವುದಿಲ್ಲ. ಆದರೆ ಎರಡು ಪುಟಗಳನ್ನು ಅಕ್ಷರ ಬಿಡದೆ ಓದಬಹುದು. ಹಾಗಾಗಿ ನಾನು ಮೊದಲು ಪುಟ ಹುಡುಕಿಸುತ್ತೇನೆ, ಪ್ರಶ್ನೆ ಆಮೇಲೆ. ಪ್ರಶ್ನೆಯಿಂದಲೇ ಶುರುಮಾಡಿ ಎನ್ನುವ ಮೇಷ್ಟ್ರುಗಳೂ ಇದ್ದಾರೆ. ಭಾಷೆಯನ್ನು ಎರಡು ಮೂರು ವರ್ಷ ಮಾತ್ರ ಕಲಿತವರಿಗೆ ಆ ದಾರಿ ಕಷ್ಟ: ಪ್ರಶ್ನೆ ಸೊಗಸಾಗಿರುತ್ತದೆ, ಉತ್ತರವಿರುವ ಪುಸ್ತಕ ಓದಲು ಬರುವುದಿಲ್ಲ.

ನಮಗೆಲ್ಲ ಗೊತ್ತಿರುವ ಒಂದು ಪುಟ ತೆಗೆದುಕೊಳ್ಳೋಣ. ಶಾಲೆಯ ಪುಸ್ತಕದಲ್ಲಿ ಹ್ಯೂಯೆನ್ ತ್ಸಾಂಗ್ ಎಂಬ ಯಾತ್ರಿಕ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ ಎಂದು ಓದಿದ್ದೀರಿ. ಆತ ಚೀನಾಕ್ಕೆ ಮರಳಿದ್ದು 645ರಲ್ಲಿ. ಮರುವರ್ಷ, ಟಾಂಗ್ ಚಕ್ರವರ್ತಿ ತೈಝೊಂಗನ ಅಪ್ಪಣೆಯಂತೆ, ಪಶ್ಚಿಮದ ನಾಡುಗಳ ವಿವರಗಳನ್ನು ಹನ್ನೆರಡು ಭಾಗಗಳಲ್ಲಿ ಸಿದ್ಧಮಾಡಿಕೊಟ್ಟ. ಪುಲಕೇಶಿಯ ನಾಡು ಬರುವುದು ಹನ್ನೊಂದನೆಯ ಭಾಗದಲ್ಲಿ, ಮಹಾರಾಷ್ಟ್ರ ಎಂಬ ಹೆಸರಿನಲ್ಲಿ.

ಮೊದಲ ತೊಡಕು ಹೆಸರಿನದು. ಈ ಒಬ್ಬನೇ ಭಿಕ್ಷು 1884ರ ಸ್ಯಾಮ್ಯುಯೆಲ್ ಬೀಲನ ಅನುವಾದದಲ್ಲಿ ಹ್ಯುಯೆನ್ ತ್ಸಿಯಾಂಗ್, 1904ರ ಥಾಮಸ್ ವಾಟರ್ಸನಲ್ಲಿ ಯುವಾನ್ ಚ್ವಾಂಗ್, ಆಮೇಲಿನವರಲ್ಲಿ ಹ್ಸುವಾನ್ ತ್ಸಾಂಗ್, ಇವತ್ತಿನ ಪಿನ್‌ಯಿನ್ ಬರಹದಲ್ಲಿ ಷ್ಯುವಾನ್‌ಜಾಂಗ್. ಒಂದೇ ಹೆಸರಿನಲ್ಲಿ ಹುಡುಕಿದರೆ ನೂರು ವರ್ಷಗಳ ವಿದ್ವತ್ತಿನ ಮುಕ್ಕಾಲು ಪಾಲು ಕೈತಪ್ಪಬಹುದು. ಯಾವ ವಿಷಯ ಹಿಡಿದರೂ ಹೆಸರುಗಳ ಹಳೆಯ, ಹೊಸ ರೂಪಗಳನ್ನು ಮೊದಲ ದಿನವೇ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದುಕೊಳ್ಳಿ. ‘ಪುಲಕೇಶಿ’ಯನ್ನು ಆತ ನಾಲ್ಕು ಅಕ್ಷರಗಳಲ್ಲಿ ಬರೆದಿದ್ದಾನೆ. ಇಂದಿನ ಉಚ್ಚಾರದಲ್ಲಿ ಅದು ಬುಲುವೊಜಿಷ. ‘ಕೇ’ ಎಲ್ಲಿ ಹೋಯಿತು ಎಂದು ಗಾಬರಿಯಾಗಬೇಡಿ. ಇಂದಿನ ಆ ‘ಜಿ’ ಟಾಂಗ್ ಕಾಲದಲ್ಲಿ ‘ಕೇ’ಗೆ ಹತ್ತಿರವಿತ್ತು.

ಮೂಲ ಸಿಗುವುದು ಕಷ್ಟವಲ್ಲ. ತೈಶೋ ತ್ರಿಪಿಟಕದ 51ನೆಯ ಸಂಪುಟದಲ್ಲಿ ಅದು 2087ನೆಯ ಗ್ರಂಥ. ಅಂತರ್ಜಾಲದಲ್ಲೂ ಉಚಿತವಾಗಿದೆ. ನೀವು ತರಗತಿಯಲ್ಲಿ ಕಲಿತದ್ದು ಇಂದಿನ ಚೀನೀ ಭಾಷೆ, ಇದು ಹಳೆಯ ಗ್ರಾಂಥಿಕ ಶೈಲಿ. ಪಾಲ್ ಕ್ರೋಲ್ ಅವರ ನಿಘಂಟು ಒಂದು ಕೈಯಲ್ಲಿ, ಬೀಲ್ ಮತ್ತು 1996ರ ಲಿ ರೊಂಗ್‌ಷಿ ಅನುವಾದಗಳು ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ದಿನಕ್ಕೆ ನಾಲ್ಕೈದು ಸಾಲು ಓದಿ. ಆ ಅಕ್ಷರಗಳನ್ನು ಕೈಯಲ್ಲೇ ಬರೆಯಿರಿ. ಇದಕ್ಕೆ ಒಂದು ತಿಂಗಳು ಹಿಡಿದರೂ ನಷ್ಟವಿಲ್ಲ.

ಓದುತ್ತ ಹೋದಂತೆ ಒಂದು ಅಚ್ಚು ಕಾಣಿಸುತ್ತದೆ. ನಾಡಿನ ಸುತ್ತಳತೆ, ರಾಜಧಾನಿಯ ಅಳತೆ, ಮಣ್ಣು, ಬೆಳೆ, ಹವೆ, ಜನರ ಸ್ವಭಾವ, ಅರಸ, ವಿಹಾರಗಳ ಲೆಕ್ಕ, ಭಿಕ್ಷುಗಳ ಲೆಕ್ಕ, ಕೊನೆಗೆ ಅನ್ಯದೇವರ ಗುಡಿಗಳು. ಹಿಂದಿನ ನಾಡಿಗೂ ಮುಂದಿನ ನಾಡಿಗೂ ಹೆಚ್ಚುಕಡಿಮೆ ಇದೇ ಅಚ್ಚು. ಯಾಕೆ? ಓದುವವನು ಚಕ್ರವರ್ತಿ, ಅವನ ಕಣ್ಣು ಪಶ್ಚಿಮದ ನಾಡುಗಳ ಮೇಲಿತ್ತು. ಅಚ್ಚಿನೊಳಗೆ ಕೂತದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಚ್ಚು ಮೀರಿ ಎಲ್ಲಿ ಬರಹ ಉಕ್ಕಿದೆ ನೋಡಿ, ಪ್ರಶ್ನೆ ಅಲ್ಲಿರುತ್ತದೆ.

ಈ ಪುಟದಲ್ಲಿ ಅದು ಉಕ್ಕುವುದು ಯೋಧರ ವಿಚಾರದಲ್ಲಿ. ಕಾಳಗಕ್ಕೆ ಮುಂಚೆ ಅವರು ಮದ್ಯ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಸೋತು ಬಂದ ಸೇನಾಪತಿಗೆ ಶಿಕ್ಷೆಯಿಲ್ಲ. ಹೆಂಗಸರ ಉಡುಪು ಕೊಡುತ್ತಾರೆ, ಅವನು ನಾಚಿಕೆಯಿಂದ ತಾನೇ ಸಾಯುತ್ತಾನೆ. ನಮ್ಮ ಪುಸ್ತಕಗಳು ಇದನ್ನು ಕಣ್ಣಾರೆ ಕಂಡ ಸಂಗತಿಯಂತೆ ಹೇಳಿಕೊಂಡು ಬಂದಿವೆ. ಆದರೆ ಚೀನಾದ ಓದುಗನಿಗೆ ಹೆಣ್ಣುಡುಪಿನ ಅವಮಾನ ಹೊಸದಾಗಿರಲಿಲ್ಲ. 234ರಲ್ಲಿ ಝೂಗ ಲ್ಯಾಂಗ್ ಎಂಬ ಸೇನಾಪತಿ, ಕೋಟೆ ಬಿಟ್ಟು ಹೊರಬರದ ಎದುರಾಳಿ ಸಿಮಾ ಯೀಗೆ ಹೆಂಗಸರ ತೊಡುಗೆ ಕಳಿಸಿ ಕೆಣಕಿದ ಕತೆ ಅಲ್ಲಿ ಮನೆಮಾತು. ಆ ಕಾಲದ ಇತಿಹಾಸಗ್ರಂಥಕ್ಕೆ ಪೇ ಸೊಂಗ್‌ಝಿ ಬರೆದು 429ರಲ್ಲಿ ಪೂರ್ಣಗೊಳಿಸಿದ ಟಿಪ್ಪಣಿಗಳಲ್ಲೂ ಅದಿದೆ. ತೈಝೊಂಗನ ಆಸ್ಥಾನದಲ್ಲೇ 648ರಲ್ಲಿ ಮುಗಿದ ಜಿನ್ ವಂಶದ ಇತಿಹಾಸದಲ್ಲೂ ಇದೆ. ಸಿಮಾ ಯೀಯ ಅಧ್ಯಾಯಕ್ಕಂತೂ ಚಕ್ರವರ್ತಿಯೇ ಸ್ವತಃ ವಿಮರ್ಶೆ ಬರೆದ.

ಇಲ್ಲಿ ಪ್ರಶ್ನೆ ಹುಟ್ಟಿತು: ಭಿಕ್ಷು ಇದನ್ನು ದಖ್ಖನಿನಲ್ಲಿ ಕೇಳಿದನೇ, ಅಥವಾ ಕೇಳಿದ್ದನ್ನು ತನ್ನ ಓದುಗನಿಗೆ ತಿಳಿಯುವ ಮಾತಿನಲ್ಲಿ ಹೇಳಿದನೇ?

ಈಗ ಅವಸರ ಬೇಡ. ‘ಚೀನೀ ಕತೆಯಿಂದ ಕದ್ದ’ ಎಂದು ತೀರ್ಪು ಬರೆಯುವ ಚಪಲ ಎಲ್ಲರಿಗೂ ಬರುತ್ತದೆ. ಎರಡು ಕತೆಗಳ ವ್ಯತ್ಯಾಸ ಪಟ್ಟಿಮಾಡಿ: ಅಲ್ಲಿ ಕೊಡುವವನು ಶತ್ರು, ಇಲ್ಲಿ ಸ್ವಂತ ರಾಜ್ಯ, ಸಿಮಾ ಯೀ ಸಾಯಲಿಲ್ಲ, ಇಲ್ಲಿಯವರು ಸಾಯುತ್ತಾರೆ. ಮೂರನೆಯ ಸಾಧ್ಯತೆಯೂ ಇದೆ. ಸೀರೆ ಉಟ್ಟುಕೋ, ಬಳೆ ತೊಟ್ಟುಕೋ ಎಂಬ ಬೈಗುಳ ನಮ್ಮ ಬೀದಿಯಲ್ಲಿ ಇವತ್ತಿಗೂ ಇದೆ. ಅದನ್ನು ಯಾರೂ ಯಾರಿಂದಲೂ ಎರವಲು ತರಬೇಕಾಗಿಲ್ಲ. ಅಂದಹಾಗೆ, ನಿಮ್ಮ ಅನುವಾದದಲ್ಲಿ ‘ಸೀರೆ’ ಎಂದು ಬರೆಯಬೇಡಿ. ಮೂಲದಲ್ಲಿರುವುದು ‘ಹೆಣ್ಣಿನ ಉಡುಪು’ ಎಂಬ ಎರಡೇ ಅಕ್ಷರ.

ಪ್ರಾಜೆಕ್ಟನ್ನು ಹಿಗ್ಗಿಸುವ ಆಸೆಗಳು ಸುತ್ತ ಕಾದಿರುತ್ತವೆ. ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿ ಎಂದಿದ್ದಾನೆ, ಆ ರಾಜಧಾನಿ ಬಾದಾಮಿಯೋ ನಾಸಿಕವೋ? ಕಲ್ಲಾನೆಗಳಿರುವ ಗುಹಾವಿಹಾರ ಅಜಂತಾವೇ? ಎರಡರ ಬಗ್ಗೆಯೂ ದೊಡ್ಡವರು ಬರೆದಿದ್ದಾರೆ, ನಿಮಗೆ ಅಡಿಟಿಪ್ಪಣಿ ಸಾಕು. ಹರ್ಷನಿಗೆ ಈ ನಾಡಿನ ಜನ ಮಾತ್ರ ತಲೆಬಾಗಲಿಲ್ಲ ಎಂಬ ಮಾತು ಐಹೊಳೆಯ ಮೇಗುತಿ ಗುಡಿಯಲ್ಲಿರುವ 634ರ ರವಿಕೀರ್ತಿಯ ಶಾಸನಕ್ಕೆ ಹೊಂದುತ್ತದೆ. ಹರ್ಷ ತನ್ನನ್ನು ಆದರಿಸಿದ ದೊರೆಯಾದರೂ ಭಿಕ್ಷು ಇದನ್ನು ಮುಚ್ಚಿಡಲಿಲ್ಲ. ಅದಕ್ಕೆ ಒಂದು ಪ್ಯಾರಾ ಕೊಡಿ, ಅಧ್ಯಾಯ ಬೇಡ. ಪದವಿ ಚೀನೀ ಅಧ್ಯಯನದ್ದು, ಭಾರ ಚೀನೀ ಪಠ್ಯದ ಮೇಲೆಯೇ ಬೀಳಬೇಕು.

ಗೈಡ್ ಹತ್ತಿರ ಮೊದಲ ಸಲ ಹೋಗುವಾಗ ಒಂದೇ ಹಾಳೆ ಒಯ್ಯಿರಿ. ಮೇಲೆ ನೀವು ಕೈಯಾರೆ ಬರೆದ ಮೂಲದ ಆ ಸಾಲು, ಕೆಳಗೆ ಎರಡು ಅನುವಾದಗಳು, ಅವು ಬೇರೆಯಾಗುವ ಕಡೆ ಪೆನ್ಸಿಲ್ ಗೆರೆ. ತಳದಲ್ಲಿ ನಿಮ್ಮ ಪ್ರಶ್ನೆ, ಪ್ರಶ್ನಾರ್ಥಕ ಚಿಹ್ನೆಯ ಸಮೇತ. ಉತ್ತರ ಬರೆಯಬೇಡಿ, ಜಾಗ ಬಿಡಿ.