ಪಾಲನಾಗೃಹದ ಅಡುಗೆಮನೆ ಮತ್ತು ಮಕ್ಕಳ ಹಲ್ಲು

ಹಲ್ಲಿಗೆ ಹುಳು ಹಿಡಿಯಿತೆಂಬುದು ರೂಢಿಯ ಮಾತು. ವಾಸ್ತವವಾಗಿ ಹುಳುಕು ಹಲ್ಲಿನಲ್ಲಿ ಯಾವ ಹುಳುವೂ ಇರುವುದಿಲ್ಲ. ಹಲ್ಲಿನ ಮೇಲೆ ಕಟ್ಟಿಕೊಳ್ಳುವ ಅಂಟುಪದರದಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್ಲಿನ ಲವಣಗಳನ್ನು ಕರಗಿಸುತ್ತದೆ. ಜೊಲ್ಲುರಸವು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡಬಲ್ಲದು. ಆದರೆ ಅದಕ್ಕೆ ಬಿಡುವು ಬೇಕು. ಗಂಟೆಗೊಮ್ಮೆ ಸಿಹಿ ತಿನ್ನುವ ಮಗುವಿನ ಬಾಯಿಗೆ ಆ ಬಿಡುವು ದೊರೆಯುವುದಿಲ್ಲ.

ಮನೆಯಲ್ಲಿ ಬೆಳೆಯುವ ಮಗು ಏನೇನು ತಿಂದಿತೆಂದು ಲೆಕ್ಕವಿಡುವುದು ಕಷ್ಟ. ಪಾಲನಾಗೃಹದಲ್ಲಾದರೋ ಎಲ್ಲರಿಗೂ ಒಂದೇ ಅಡುಗೆ, ಒಂದೇ ಹೊತ್ತು. ಆದುದರಿಂದ ಆಹಾರಕ್ಕೂ ದಂತಕ್ಷಯಕ್ಕೂ ಇರುವ ಸಂಬಂಧವನ್ನು ಅರಿಯಲು ಇಂತಹ ಸಂಸ್ಥೆಗಳು ನೆರವಾಗಿವೆ. ಇವುಗಳಲ್ಲಿ ಪ್ರಸಿದ್ಧವಾದುದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಬೌರಲ್ ಪಟ್ಟಣದಲ್ಲಿದ್ದ ಹೋಪ್‌ವುಡ್ ಹೌಸ್. (ಕ್ರಿಕೆಟ್ ಆಟಗಾರ ಡಾನ್ ಬ್ರಾಡ್ಮನ್ ಬಾಲ್ಯ ಕಳೆದ ಊರೂ ಇದೇ.) 1942ರಲ್ಲಿ ಎಲ್.ಓ. ಬೇಲಿ ಎಂಬ ವ್ಯಾಪಾರಿ ಈ ಗೃಹವನ್ನು ಆರಂಭಿಸಿದರು. ಎಂಬತ್ತಕ್ಕೂ ಹೆಚ್ಚು ಮಕ್ಕಳು ಎಳವೆಯಿಂದಲೇ ಇಲ್ಲಿ ಬೆಳೆದರು. ಅವರ ಊಟದಲ್ಲಿ ಮಾಂಸವಿರಲಿಲ್ಲ. ತವುಡು ತೆಗೆಯದ ಧಾನ್ಯ, ಇಡೀ ಗೋಧಿಯ ಬ್ರೆಡ್, ಹಸಿ ತರಕಾರಿ, ಹಣ್ಣು, ಹಾಲು, ಬೆಣ್ಣೆ, ಗಿಣ್ಣು, ಬೀಜಗಳಿದ್ದವು. ಸಕ್ಕರೆ ಮತ್ತು ಮೈದಾ ಬಹುತೇಕ ಇರಲೇ ಇಲ್ಲ.

ದಂತತಜ್ಞರು ಈ ಮಕ್ಕಳನ್ನು ಹಲವು ವರ್ಷ ಪರೀಕ್ಷಿಸಿದರು. 1963ರಲ್ಲಿ ಪ್ರಕಟವಾದ ವರದಿಯಂತೆ, 13ನೆಯ ವಯಸ್ಸಿನಲ್ಲಿ ಹುಳುಕಾದ, ಕಿತ್ತ ಅಥವಾ ತುಂಬಿಸಿದ ಹಲ್ಲುಗಳು ಹೋಪ್‌ವುಡ್‌ನ ಮಗುವಿಗೆ ಸರಾಸರಿ 1.6 ಇದ್ದರೆ, ಅದೇ ರಾಜ್ಯದ ಸಾಮಾನ್ಯ ಶಾಲೆಗಳ ಮಗುವಿಗೆ 10.7 ಇದ್ದವು. ಹೋಪ್‌ವುಡ್‌ನಲ್ಲಿ ಶೇ. 53ರಷ್ಟು ಮಕ್ಕಳಿಗೆ ಹುಳುಕೇ ಇರಲಿಲ್ಲ. ಶಾಲೆಗಳಲ್ಲಿ ಅಂತಹವರು ಶೇ. 0.4 ಮಾತ್ರ. ಹೋಪ್‌ವುಡ್‌ನ ಮಕ್ಕಳು ಹಲ್ಲುಜ್ಜುವುದರಲ್ಲಿ ಶಿಸ್ತಿನವರೇನಲ್ಲ, ಹಲವರ ವಸಡು ಊದಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಕೂಡ ಅತ್ಯಲ್ಪ ಎಂಬುದು ಗಮನಾರ್ಹ.

ಇದಕ್ಕಿಂತ ಮಹತ್ವದ ಸಂಗತಿ ಅನಂತರದ್ದು. ಹದಿಹರೆಯದಲ್ಲಿ ಗೃಹವನ್ನು ಬಿಟ್ಟು ಹೊರಗಿನ ಆಹಾರಕ್ಕೆ ಹೊಂದಿಕೊಂಡ ಮಕ್ಕಳಲ್ಲಿ ದಂತಕ್ಷಯವು ಇತರರಂತೆಯೇ ಏರತೊಡಗಿತು. ಬಾಲ್ಯದ ಉತ್ತಮ ಪೋಷಣೆ ಹಲ್ಲಿಗೆ ಶಾಶ್ವತ ಕವಚವನ್ನೇನೂ ತೊಡಿಸಿರಲಿಲ್ಲ. ಸಕ್ಕರೆ ದೂರವಿದ್ದಷ್ಟು ಕಾಲ ಮಾತ್ರ ರಕ್ಷಣೆಯಿತ್ತು.

ನಮ್ಮ ದೇಶದ ಪಾಲನಾಗೃಹಗಳಲ್ಲಿ ಕಷ್ಟ ಬೇರೆ ಬಗೆಯದು. ಮುಖ್ಯ ಊಟದಲ್ಲಿ ಸಿಹಿ ಹೆಚ್ಚಿರದಿದ್ದರೂ, ಹುಟ್ಟುಹಬ್ಬ, ಪುಣ್ಯತಿಥಿ, ಹಬ್ಬಗಳ ನೆಪದಲ್ಲಿ ದಾನಿಗಳು ತರುವ ಮಿಠಾಯಿ, ಕ್ರೀಮ್ ಬಿಸ್ಕತ್ತು, ಚಾಕೊಲೇಟುಗಳು ಹೊತ್ತಲ್ಲದ ಹೊತ್ತಿನಲ್ಲಿ ಮಕ್ಕಳ ಕೈ ಸೇರುತ್ತವೆ. ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸುವುದು ಮೇಲ್ವಿಚಾರಕರಿಗೂ ಸುಲಭವಲ್ಲ. ಇತ್ತ, ರಾತ್ರಿ ಹಲ್ಲು ನೋಯುವ ಮಗು ತಾಯಿಯನ್ನು ಎಬ್ಬಿಸುವಂತಿಲ್ಲ. ಸುಮ್ಮನೆ ಒಂದೇ ದವಡೆಯಲ್ಲಿ ಅಗಿಯುವುದನ್ನು ಕಲಿಯುತ್ತದೆ. ಗಟ್ಟಿ ರೊಟ್ಟಿ, ಹಸಿ ತರಕಾರಿಗಳನ್ನು ಬದಿಗಿಡುತ್ತದೆ. ಹೀಗೆ ಹಲ್ಲಿನ ನೋವು ಮಗುವಿನ ಪೋಷಣೆಯನ್ನೂ ಕುಂದಿಸುತ್ತದೆ. ತಟ್ಟೆಯಲ್ಲಿ ಪದೇಪದೇ ಆಹಾರ ಉಳಿಸುವ ಮಗುವನ್ನು ಗದರಿಸುವ ಮೊದಲು ಬಾಯಿ ತೆರೆಸಿ ನೋಡುವುದು ಉಚಿತ.

ಬೆಲ್ಲ, ಜೇನುಗಳಿಂದ ಹಲ್ಲಿಗೆ ಅಪಾಯವಿಲ್ಲವೆಂಬ ನಂಬಿಕೆ ಸರಿಯಲ್ಲ. ಒಟ್ಟು ಶಕ್ತಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆಯ ಜೊತೆಗೆ ಜೇನು, ಹಣ್ಣಿನ ರಸಗಳ ಸಕ್ಕರೆಯ ಪಾಲೂ ಸೇರಿ ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದೆ. ದಾನಿಗಳು ಬಾಳೆಹಣ್ಣು, ಸೀಬೆ, ಹುರಿಗಡಲೆ, ಕಡಲೆಕಾಯಿ ತರಬಹುದು. ಐದು ವರ್ಷದೊಳಗಿನವರಿಗೆ ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಪುಡಿ ಮಾಡಿ ಕೊಡಬೇಕು. ಸಿಹಿ ಬಂದೇ ಬಂದರೆ ಅದನ್ನು ಊಟದೊಡನೆಯೇ ಬಡಿಸಬೇಕು, ಮಲಗುವ ಮುನ್ನ ಕೊಡಬಾರದು. ಪ್ರತಿ ಮಗುವಿಗೂ ಹೆಸರು ಬರೆದ ಬೇರೆ ಬ್ರಷ್ ಇರಬೇಕು. ಮೂರು ವರ್ಷ ದಾಟಿದವರಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಅದಕ್ಕಿಂತ ಚಿಕ್ಕವರಿಗೆ ಅಕ್ಕಿಕಾಳಿನಷ್ಟು.