ಆಡುವ ಮಾತು, ಮಾಡುವ ಮಾತು

ನಾಟಕದ ಪುಸ್ತಕದಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ಪಾತ್ರಧಾರಿಯು ಬಾಯಿಬಿಟ್ಟು ಆಡಬೇಕಾದ ಮಾತು ಒಂದು. ಆವರಣ ಚಿಹ್ನೆಯೊಳಗೆ ಅಚ್ಚಾದ ‘ಕತ್ತಿಯನ್ನು ಹಿರಿಯುತ್ತ’, ‘ಎಡಕ್ಕೆ ತಿರುಗಿ’ ಎಂಬಂತಹ ಸೂಚನೆ ಇನ್ನೊಂದು. ಮೊದಲನೆಯದು ಸಭಿಕರ ಕಿವಿಗೆ ಸಲ್ಲತಕ್ಕದ್ದು. ಎರಡನೆಯದು ನಟನ ಕೈಕಾಲುಗಳಿಗೆ ಸಲ್ಲತಕ್ಕದ್ದು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲ ಬಾರಿಗೆ ರಂಗವೇರಿದ ಹುಡುಗನು ಗಾಬರಿಯಿಂದ ‘ಕತ್ತಿಯನ್ನು ಹಿರಿಯುತ್ತ’ ಎಂಬುದನ್ನೂ ಗಟ್ಟಿಯಾಗಿ ಹೇಳಿಬಿಟ್ಟರೆ ವೀರರಸವು ಹಾಸ್ಯರಸವಾಗಿ ಮುಗಿಯುತ್ತದೆ. ಎರಡೂ ಮಾತುಗಳು ಒಂದೇ ಹಾಳೆಯಲ್ಲಿ, ಒಂದೇ ಲಿಪಿಯಲ್ಲಿ ಇರುವುದರಿಂದ ಅವನ್ನು ಬೇರ್ಪಡಿಸುವ ಗುರುತೊಂದು ಬೇಕು. ಆ ಕೆಲಸವನ್ನು ಮಾಡುವುದು ಎರಡು ಚಿಕ್ಕ ಬಾಗು ಗೆರೆಗಳು.

ಗಣಕಯಂತ್ರವು ಮನುಷ್ಯನೊಡನೆ ಬರಹದ ಮೂಲಕ ವ್ಯವಹರಿಸತೊಡಗಿದಾಗಲೂ ಇದೇ ತೊಡಕು ಎದುರಾಯಿತು.

ಪರದೆಗಳು ಬಳಕೆಗೆ ಬರುವ ಮೊದಲು ಗಣಕದ ಉತ್ತರವನ್ನು ಕಾಗದದ ಮೇಲೆ ಮೂಡಿಸುತ್ತಿದ್ದುದು ಟೆಲಿಪ್ರಿಂಟರ್. ತಂತಿಯಲ್ಲಿ ಹರಿದು ಬರುತ್ತಿದ್ದುದು ಅಕ್ಷರವಲ್ಲ, ಅಕ್ಷರಕ್ಕೆ ಗೊತ್ತುಪಡಿಸಿದ ಸಂಖ್ಯೆ. ಫ್ರಾನ್ಸಿನ ಎಮಿಲ್ ಬೋದೋ 1870ರ ದಶಕದಲ್ಲಿ ರೂಪಿಸಿದ ತಂತಿಸಂಕೇತದಲ್ಲಿ ಇದ್ದುದು ಕೇವಲ 32 ಸ್ಥಾನಗಳು. ರೋಮನ್ ಲಿಪಿಯ 26 ಅಕ್ಷರಗಳಿಗೆ ಹತ್ತು ಅಂಕಿಗಳನ್ನು ಸೇರಿಸಿದರೆ 36 ಆಗುತ್ತದೆ. ಆದುದರಿಂದ ಅವನು ಒಂದು ಉಪಾಯ ಹೂಡಿದನು. ‘ಇನ್ನು ಮುಂದೆ ಬರುವುದು ಅಂಕಿಗಳು’ ಎಂದು ಸಾರುವುದಕ್ಕೆ ಒಂದು ಸಂಕೇತ, ‘ಇನ್ನು ಮುಂದೆ ಅಕ್ಷರಗಳು’ ಎನ್ನುವುದಕ್ಕೆ ಮತ್ತೊಂದು ಸಂಕೇತ. ಹೀಗೆ ಒಂದೇ ಸಂಖ್ಯೆಗೆ ಸಂದರ್ಭಾನುಸಾರ ಎರಡು ಅರ್ಥಗಳು ಒದಗಿದವು.

1960ರ ಸುಮಾರಿಗೆ ಅಮೆರಿಕದಲ್ಲಿ ಗಣಕಗಳು ಹೆಚ್ಚಿದವು. ಆದರೆ ಒಂದೊಂದು ತಯಾರಕರ ಯಂತ್ರಕ್ಕೂ ಒಂದೊಂದು ಸಂಕೇತಪಟ್ಟಿ. ಒಂದು ಯಂತ್ರ ಬರೆದುದನ್ನು ಇನ್ನೊಂದು ಓದಲಾರದು. ಆಗ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ರಾಬರ್ಟ್ ಬೀಮರ್ ಎಂಬ ತಜ್ಞರು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಯಾವ ಪಟ್ಟಿಯೂ ಎಲ್ಲವನ್ನೂ ಒಳಗೊಳ್ಳಲಾರದು. ಆದುದರಿಂದ ಪಟ್ಟಿಯಿಂದ ಹೊರಕ್ಕೆ ಹೋಗಲು ಪಟ್ಟಿಯಲ್ಲಿಯೇ ಒಂದು ಬಾಗಿಲಿರಲಿ ಎಂಬುದೇ ಆ ಸಲಹೆಯ ಸಾರ. ಆ ಬಾಗಿಲಿನ ಹೆಸರು ‘ಎಸ್ಕೇಪ್’, ಅಂದರೆ ‘ಪಾರಾಗು’. ಇಂದಿಗೂ ಗಣಕದ ಕೀಲಿಮಣೆಯ ಮೂಲೆಯಲ್ಲಿ ಈ ಹೆಸರಿನ ಕೀಲಿಯನ್ನು ಕಾಣಬಹುದು.

ಮುಂದೆ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಸರ್ವಸಮ್ಮತ ಪಟ್ಟಿಯು ಸಿದ್ಧವಾಯಿತು. 1967ರ ಪರಿಷ್ಕೃತ ರೂಪದಲ್ಲಿ ಅದರ 128 ಸ್ಥಾನಗಳ ಪೈಕಿ 33 ಸ್ಥಾನಗಳು ಅಚ್ಚಾಗುವ ಅಕ್ಷರಗಳಲ್ಲ, ಆಜ್ಞೆಗಳು. 7 ಬಂದರೆ ಗಂಟೆ ಬಾರಿಸಬೇಕು. 10 ಬಂದರೆ ಕಾಗದವು ಒಂದು ಸಾಲು ಮೇಲಕ್ಕೆ ಸರಿಯಬೇಕು. 13 ಬಂದರೆ ಸಾಲಿನ ಆರಂಭಕ್ಕೆ ಹಿಂದಿರುಗಬೇಕು. 27ನೆಯ ಸ್ಥಾನವು ಎಸ್ಕೇಪಿಗೆ ದೊರೆಯಿತು.

ಕಾಗದದ ಬದಲಿಗೆ ಗಾಜಿನ ಪರದೆ ಬಂದಾಗ ಈ 27ರ ಮಹತ್ವವು ಬೆಳಗಿತು. ಕಾಗದದ ಮೇಲೆ ಅಚ್ಚಾದುದನ್ನು ಅಳಿಸಲಾಗದು. ಪರದೆಯ ಮೇಲಾದರೋ ಎಲ್ಲಿ ಬೇಕಾದರೂ ಬರೆಯಬಹುದು, ಬರೆದುದನ್ನು ಒರೆಸಬಹುದು. ಆದರೆ ಈ ಆಜ್ಞೆಗಳಿಗೆಲ್ಲ 33 ಸ್ಥಾನಗಳು ಸಾಲವು. ಆಗ 27ರ ಹಿಂದೆ ಸಾಮಾನ್ಯ ಅಕ್ಷರಗಳನ್ನೇ ಸಾಲಾಗಿ ಕಳುಹಿಸುವ ರೂಢಿಯು ಬೆಳೆಯಿತು. ಇದಕ್ಕೆ ‘ಎಸ್ಕೇಪ್ ಸರಣಿ’ ಎಂದು ಹೆಸರು.

ಇದರ ನಡೆ ಸರಳವಾಗಿದೆ. ಪರದೆಯ ಯಂತ್ರವಾದ ಟರ್ಮಿನಲ್ ತನಗೆ ಬಂದ ಅಕ್ಷರಗಳನ್ನು ಒಂದೊಂದಾಗಿ ತೋರಿಸುತ್ತ ಸಾಗುತ್ತದೆ. 27 ಬಂದೊಡನೆ ತೋರಿಸುವುದನ್ನು ನಿಲ್ಲಿಸಿ ಆಲಿಸತೊಡಗುತ್ತದೆ. ಅನಂತರ ಚೌಕ ಆವರಣದ ಎಡಚಿಹ್ನೆಯೂ, ಕೆಲವು ಅಂಕಿಗಳೂ, ಕೊನೆಯಲ್ಲಿ ಒಂದು ಅಕ್ಷರವೂ ಬರುತ್ತವೆ. ಆ ಕೊನೆಯ ಅಕ್ಷರವು ಮಾಡಬೇಕಾದ ಕೆಲಸವನ್ನು ತಿಳಿಸುತ್ತದೆ. ಅಂಕಿಗಳು ಅದರ ವಿವರವನ್ನು ತಿಳಿಸುತ್ತವೆ. ಕೊನೆಯಕ್ಷರ ‘ಜೆ’ ಆಗಿ ಅದರ ಹಿಂದೆ 2 ಇದ್ದರೆ ಪರದೆಯೆಲ್ಲ ಒರೆಸಿಹೋಗುತ್ತದೆ. 12, 40 ಎಂಬ ಅಂಕಿಗಳ ನಡುವೆ ಅರ್ಧವಿರಾಮವಿದ್ದು, ಕೊನೆಗೆ ‘ಎಚ್’ ಬಂದರೆ ಬರೆಯುವ ಸ್ಥಾನವು 12ನೆಯ ಸಾಲಿನ 40ನೆಯ ಮನೆಗೆ ಸರಿಯುತ್ತದೆ. ವರ್ಣಗಳುಳ್ಳ ಪರದೆಯಲ್ಲಿ 31ರ ಮುಂದೆ ‘ಎಂ’ ಬಂದರೆ ಆಮೇಲಿನ ಅಕ್ಷರಗಳು ಕೆಂಪಾಗುತ್ತವೆ. ಆಜ್ಞೆ ಮುಗಿದೊಡನೆ ಯಂತ್ರವು ಮತ್ತೆ ಮೊದಲಿನಂತೆ ಅಕ್ಷರಗಳನ್ನು ತೋರಿಸತೊಡಗುತ್ತದೆ.

ಆದರೆ ಬಾಗಿಲಿದ್ದರೆ ಸಾಲದು, ಅದರಾಚೆಯ ದಾರಿಯೂ ಎಲ್ಲರಿಗೂ ಒಂದೇ ಆಗಿರಬೇಕು. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ವಿ.ಟಿ. 52 ಟರ್ಮಿನಲ್ಲಿನ ಪರದೆಯನ್ನು ಒರೆಸಲು ಎರಡು ಎಸ್ಕೇಪ್ ಸರಣಿಗಳು ಬೇಕಾಗಿದ್ದವು. ಲಿಯರ್ ಸೀಗ್ಲರ್ ಸಂಸ್ಥೆಯ ಎ.ಡಿ.ಎಂ. 3ಎ ಟರ್ಮಿನಲ್ಲಿಗೆ 26 ಎಂಬ ಒಂದೇ ಸಂಖ್ಯೆ ಸಾಕಾಗಿತ್ತು. ಒಂದಕ್ಕೆ ಬರೆದ ಆಜ್ಞೆಯು ಇನ್ನೊಂದಕ್ಕೆ ಅರ್ಥವಾಗದೆ, ಆಜ್ಞೆಯ ಅಕ್ಷರಗಳೇ ಪರದೆಯ ಮೇಲೆ ಚೆಲ್ಲಿಬೀಳುತ್ತಿದ್ದವು. ಹೊಸ ಹುಡುಗನು ರಂಗಸೂಚನೆಯನ್ನು ಓದಿಬಿಟ್ಟಂತೆಯೇ ಇದು! ಕೊನೆಗೆ 1976ರಲ್ಲಿ ಯೂರೋಪಿನ ಗಣಕ ತಯಾರಕರ ಸಂಘವೂ 1979ರಲ್ಲಿ ಅಮೆರಿಕದ ಮಾನಕ ಸಂಸ್ಥೆಯೂ ಈ ಸರಣಿಗಳಿಗೆ ನಿಯಮಗಳನ್ನು ಪ್ರಕಟಿಸಿದವು. 1978ರಲ್ಲಿ ಬಂದ ವಿ.ಟಿ. 100 ಎಂಬ ಟರ್ಮಿನಲ್ ಈ ಹೊಸ ಮಾರ್ಗವನ್ನೇ ಹಿಡಿದು, ಬಹಳ ಜನಪ್ರಿಯವಾಯಿತು. ಅದರ ತಯಾರಿಕೆಯು ನಿಂತು ದಶಕಗಳೇ ಕಳೆದಿವೆ. ಆದರೂ ಇಂದಿನ ಗಣಕಗಳ ಟರ್ಮಿನಲ್ ಕಿಟಕಿಗಳು ಅದೇ ಆಜ್ಞೆಗಳಿಗೆ ಓಗೊಡುತ್ತವೆ.

ಈ ಏರ್ಪಾಡಿನಲ್ಲಿ ಒಂದು ಅಪಾಯವೂ ಅಡಗಿದೆ. ಮಾತೂ ಆಜ್ಞೆಯೂ ಒಂದೇ ದಾರಿಯಲ್ಲಿ ಬರುವುದರಿಂದ, ದುರುದ್ದೇಶವುಳ್ಳವನು ಬರಹದ ನಡುವೆ 27ನ್ನು ಬಚ್ಚಿಟ್ಟು, ತೋರಿದ ಸಾಲನ್ನು ಅಳಿಸಿ ಬೇರೊಂದು ಸಾಲನ್ನು ತೋರಿಸಬಲ್ಲನು. ಓದುವವನು ಕಂಡುದೇ ಒಂದು, ಕಡತದಲ್ಲಿ ಇರುವುದೇ ಇನ್ನೊಂದು. ಆದುದರಿಂದ ಎಚ್ಚರವುಳ್ಳ ಕ್ರಮವಿಧಿಗಳು ಹೊರಗಿನಿಂದ ಬಂದ ಬರಹದಲ್ಲಿನ 27ನ್ನು ಸೋಸಿ ತೆಗೆಯುತ್ತವೆ, ಇಲ್ಲವೆ ಅದನ್ನು ಕಣ್ಣಿಗೆ ಕಾಣುವ ಚಿಹ್ನೆಯಾಗಿ ಮಾರ್ಪಡಿಸುತ್ತವೆ.

ಆಸ್ಕಿಯ 128 ಸ್ಥಾನಗಳಲ್ಲಿ ಕನ್ನಡದ ಒಂದಕ್ಷರಕ್ಕೂ ಎಡೆಯಿರಲಿಲ್ಲ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ‘ಇಸ್ಕಿ’ ಎಂಬ ಸಂಕೇತವನ್ನು ಪ್ರಕಟಿಸಿದಾಗ ಬೋದೋ ಹೂಡಿದ ಉಪಾಯವೇ ಮತ್ತೆ ನೆರವಿಗೆ ಬಂದಿತು. ಅದರಲ್ಲಿ ಕನ್ನಡದ ‘ಕ’ಕಾರಕ್ಕೂ ದೇವನಾಗರಿಯ ‘ಕ’ಕಾರಕ್ಕೂ 179 ಎಂಬ ಒಂದೇ ಸಂಖ್ಯೆ. ಲಿಪಿಯು ಯಾವುದೆಂಬುದನ್ನು ತಿಳಿಸುವುದು 239 ಎಂಬ ಸಂಕೇತ ಮತ್ತು ಅದರ ಬೆನ್ನಿಗೆ ಬರುವ ಲಿಪಿಯ ಗುರುತು. ಆ ಗುರುತು ದಾರಿಯಲ್ಲಿ ಕಳೆದುಹೋದರೆ ಕನ್ನಡವು ಬೇರೆ ಲಿಪಿಯಾಗಿ ಮೂಡಬಹುದಾಗಿತ್ತು. ಅದೇ 1991ರಲ್ಲಿ ಮೊದಲ ರೂಪ ತಾಳಿದ ಯೂನಿಕೋಡ್ ಎಂಬ ವಿಶಾಲವಾದ ಪಟ್ಟಿಯು ಪ್ರತಿ ಲಿಪಿಗೂ ಸ್ವಂತ ಮನೆಯನ್ನು ಕೊಟ್ಟಿತು. ಅದರಲ್ಲಿ ದೇವನಾಗರಿಯ ‘ಕ’ಕಾರವು 2325, ಕನ್ನಡದ ‘ಕ’ಕಾರವು 3221. ಲಿಪಿಯನ್ನು ಬದಲಿಸುವ ಗುರುತಿನ ಅಗತ್ಯವು ಅಲ್ಲಿ ಉಳಿಯಲಿಲ್ಲ.

ಆದರೆ ಆ ವಿಶಾಲವಾದ ಪಟ್ಟಿಯಲ್ಲಿಯೂ ಎಸ್ಕೇಪಿನ ಸಂಖ್ಯೆಯು 27 ಆಗಿಯೇ ಇದೆ. ತಮಗೆ ಗೊತ್ತಿರುವುದಷ್ಟನ್ನೇ ಪಟ್ಟಿಮಾಡಿ ಮುಗಿಸದೆ, ತಮಗೆ ಗೊತ್ತಿಲ್ಲದ ನಾಳೆಗಾಗಿ ಒಂದು ಸ್ಥಾನವನ್ನು ಬಿಟ್ಟುಕೊಟ್ಟವರ ವಿವೇಕ ಅದು. ಮನೆ ಕಟ್ಟುವವನು ಹಿತ್ತಲ ಕಡೆಗೂ ಒಂದು ಬಾಗಿಲಿಡುತ್ತಾನೆ. ಅದರ ಮೂಲಕ ಮುಂದೆ ಯಾರು ಯಾರು ನಡೆದಾಡುವರೆಂದು ಅವನಿಗೆ ತಿಳಿದಿರಬೇಕಾಗಿಲ್ಲ.